ಉದ್ಘಾಟನೆಗೆ ಮೊದಲೇ ಕಟ್ಟಿದ ಕಟ್ಟ

ಮರಳುಗುಡ್ಡೆ ಸರಕಾರಿ ಪ್ರೌಢಶಾಲೆಯಲ್ಲಿ ಒಂದು ಸರಕಾರವಿತ್ತು. ಪ್ರಧಾನಿ ಒಬ್ಬರು, ಮಂತ್ರಿಗಳು ಹನ್ನೊಂದು ಮಂದಿ, ವಿರೋಧ ಪಕ್ಷದ ನಾಯಕ ಒಬ್ಬ. 2008ರ ಜೂನ್‌ನಲ್ಲಿ ಶಾಲಾ ಸಂಸತ್ತಿಗೆ ಚುನಾವಣೆ ನಡೆದಾಗ 212 ಮತದಾರರ ಪೈಕಿ 131 ಮಂದಿ ಹತ್ತನೇ ತರಗತಿಯ ಧನ್ಯಶ್ರೀಗೆ ಮತ ಹಾಕಿದ್ದರು. ಪ್ರಧಾನಿಯಾದ ಅವಳಿಗೆ ಮೂರು ಅಧಿಕಾರ ಸಿಕ್ಕಿತು. ಬೆಳಗ್ಗಿನ ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಬಂದ ಅತಿಥಿಗಳಿಗೆ ಹೂ ಕೊಡುವುದು, ಮುಖ್ಯ ಶಿಕ್ಷಕರು ಬರೆದಿಟ್ಟ ಸಂಪುಟ ಸಭೆಯ ನಿರ್ಣಯಕ್ಕೆ ತಿಂಗಳಿಗೊಮ್ಮೆ ಸಹಿ ಹಾಕುವುದು. ಜಲಮಂತ್ರಿ ಮಿಥುನ್‌ಗೆ ಇದಕ್ಕಿಂತ ಹೆಚ್ಚು ಕೆಲಸವಿತ್ತು. ಶಿಕ್ಷಕರ ಕೊಠಡಿಯ ಹೂಜಿ ತುಂಬಿಸುವುದು ಅವನ ಖಾತೆಗೆ ಸೇರಿತ್ತು.

ನವೆಂಬರ್ ಕೊನೆಗೆ ಒಂದು ಸುತ್ತೋಲೆ ಬಂತು. ಮಕ್ಕಳಲ್ಲಿ ನಾಯಕತ್ವ ಗುಣ ಬೆಳೆಸಲು ಸಮುದಾಯ ಸೇವೆ ಹಮ್ಮಿಕೊಳ್ಳಬೇಕು, ಫೋಟೊ ಸಮೇತ ವರದಿ ಕಳಿಸಬೇಕು. ಗುಣ ಬೆಳೆಯದಿದ್ದರೆ ಏನಾಗುತ್ತದೆಂದು ಸುತ್ತೋಲೆಯಲ್ಲಿ ಇರಲಿಲ್ಲ. ಫೋಟೊ ಇಲ್ಲದಿದ್ದರೆ ಏನಾಗುತ್ತದೆಂದು ಇತ್ತು. ದೈಹಿಕ ಶಿಕ್ಷಕ ಯತೀಶ್ ಈ ಬಗ್ಗೆ ಕುಂದಾಪುರದಲ್ಲಿ ಎರಡು ದಿನದ ತರಬೇತಿ ಪಡೆದು, ‘ನಾಯಕತ್ವದ ಏಳು ಮೆಟ್ಟಿಲು’ ಎಂಬ ಕೈಪಿಡಿಯೊಂದಿಗೆ ಮರಳಿದರು. ಅದರ ಮೂರನೇ ಮೆಟ್ಟಿಲನ್ನು ಅವರು ಬಾಯಿಪಾಠ ಮಾಡಿಕೊಂಡಿದ್ದರು: ‘ಸಮಸ್ಯೆ ತಂದವನು ಅನುಯಾಯಿ, ಪರಿಹಾರ ತಂದವನು ನಾಯಕ.’

ಸೇವೆಗೆ ಬೇಕಾದ ಸಮಸ್ಯೆ ಶಾಲೆಯ ಹಿಂದೆಯೇ ಹರಿಯುತ್ತಿತ್ತು. ಅದೊಂದು ತೋಡು, ಅಗಲ ಎಂಟು ಮೀಟರ್. ಮೇಲಿನಿಂದ ಸಿಹಿನೀರು ಬರುತ್ತದೆ, ಕೆಳಗಿನಿಂದ ಸಮುದ್ರದ ಉಪ್ಪುನೀರು ಏರುತ್ತದೆ. ಮಳೆಗಾಲ ಮುಗಿದ ಮೇಲೆ ಇವೆರಡರಲ್ಲಿ ಯಾವುದು ಗೆಲ್ಲಬೇಕೆಂದು ತೀರ್ಮಾನಿಸುತ್ತಿದ್ದುದು ಊರವರು ಹಾಕುತ್ತಿದ್ದ ಕಟ್ಟ. ಕಂಬ ನೆಟ್ಟು, ತೆಂಗಿನ ಮಡಲು ಹೆಣೆದು, ಮಣ್ಣು ತುಂಬಿ ತೋಡಿಗೆ ಅಡ್ಡ ನಿಲ್ಲಿಸುವ ಒಡ್ಡು. ಕಟ್ಟುವ ಪ್ರಾಯದವರೆಲ್ಲ ಮುಂಬಯಿಯ ಹೋಟೆಲುಗಳಿಗೆ ಹೋದದ್ದರಿಂದ ಎರಡು ವರ್ಷ ಕಟ್ಟ ಹಾಕಿರಲಿಲ್ಲ. ಎರಡು ವರ್ಷವೂ ಸುಗ್ಗಿ ಬೆಳೆ ಉಪ್ಪಿಗೆ ಸುಟ್ಟಿತ್ತು. ಕಿರಿಮಂಜೇಶ್ವರದ ಕಡೆ ಹೋಗುವ ಬಸ್ಸಿನ ಕಿಟಕಿಯಿಂದಲೂ ಕಾಣುವಷ್ಟು ದೊಡ್ಡ ಸಮಸ್ಯೆ ಅದು. ಹಾಗಾಗಿ ಯಾರೂ ನೋಡಿರಲಿಲ್ಲ.

ಶಾಲೆಯಿಂದ ಕಟ್ಟ ಹಾಕುವ ಯೋಚನೆ ಧನ್ಯಶ್ರೀಯದು. ವರದಿಯಲ್ಲಿ ಅದು ಯತೀಶ್ ಸರ್ ಅವರದಾಯಿತು.

ಸುದ್ದಿ ಕೇಳಿದ ಬಾಗಿ, ಧನ್ಯಶ್ರೀ ಶಾಲೆಯಿಂದ ಬರುವ ದಾರಿಯಲ್ಲಿ ಕಾದು ನಿಂತಳು. ತೋಡಿನ ಪಕ್ಕದ ಗದ್ದೆಗಳನ್ನು ಇನ್ನೂ ಹಡಿಲು ಬಿಡದೆ ಬೇಸಾಯ ಮಾಡುತ್ತಿದ್ದವಳು ಅವಳೊಬ್ಬಳೇ. ಐವತ್ತು ದಾಟಿದ ಹೆಂಗಸು. ಗದ್ದೆ ಮಾತ್ರ ಬೇರೆಯವರದು.

“ಹೌದನೆ ಹೆಣೆ, ಶಾಲಿ ಮಕ್ಳ್ ಕಟ್ಟ ಹಾಕ್ತ್ರಂಬ್ರಲೆ?”

“ಹೌದ್ ಬಾಗಿ ಅಕ್ಕ.”

“ಹುಣ್ಮಿ ಒಳ್ಗೆ ಆತ್ತಾ? ಆಪ್ದಾರೆ ನಾನ್ ಅಗೆ ಹಾಕ್ತೆ. ಇಲ್ದಿರೆ ಈಗ್ಲೇ ಹೇಳ್, ಬೀಜ ಆದ್ರೂ ಉಳೀಲಿ.”

“ಆತ್ತ್. ಹುಣ್ಮಿ ಒಳ್ಗೆ ಮಾಡ್ಸ್ತೆ.”

“ಪ್ರಧಾನಿ ಹೇಳ್ದಂಗ್ ಹೇಳ್ಬೇಡ. ಚಂದ್ರನ್ ಮಗ್ಳ್ ಹೇಳ್ದಂಗ್ ಹೇಳ್.”

“ಚಂದ್ರನ್ ಮಗ್ಳೇ ಹೇಳೂದ್.”

ಚಂದ್ರ ನಾಡದೋಣಿಯಲ್ಲಿ ಮೀನಿಗೆ ಹೋಗುವವ. ಅವನ ಮನೆಯಲ್ಲಿ ನೀರಿನ ವಿಷಯದಲ್ಲಿ ಸುಳ್ಳು ಹೇಳುವ ಪದ್ಧತಿ ಇರಲಿಲ್ಲ. ಬಾಗಿ ಮರುದಿನವೇ ಅಗೆಗೆ ಭತ್ತದ ಬೀಜ ನೆನೆಸಿ, ಮೂರನೇ ದಿನ ಸಸಿಮಡಿಯಲ್ಲಿ ಬಿತ್ತಿದಳು.

ಇತ್ತ ಶಿಕ್ಷಕರ ಕೊಠಡಿಯಲ್ಲಿ ಕಟ್ಟದ ಕೆಲಸ ಭರದಿಂದ ಸಾಗಿತ್ತು, ಅಂದರೆ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗಿತ್ತು. ಅದರಲ್ಲಿ ಇಪ್ಪತ್ಮೂರು ಹೆಸರುಗಳಿದ್ದವು. ಕಟ್ಟ ಕಟ್ಟುವವರ ಹೆಸರು ‘ಶಾಲಾ ವಿದ್ಯಾರ್ಥಿಗಳು’ ಎಂದು ಕೊನೆಯ ಸಾಲಿನಲ್ಲಿ, ಮುದ್ರಣಾಲಯದ ಹೆಸರಿಗಿಂತ ಸ್ವಲ್ಪ ಮೇಲೆ ಇತ್ತು. ಉದ್ಘಾಟಕರು ಹಳೆ ವಿದ್ಯಾರ್ಥಿ ಸಂಘದ ಗೌರವಾಧ್ಯಕ್ಷ, ಮುಂಬಯಿಯ ಹೋಟೆಲು ಉದ್ಯಮಿ ರಾಜೀವ ಶೆಟ್ಟರು. ಮೊದಲ ಮರಳು ಚೀಲವನ್ನು ಅವರೇ ಇಡಬೇಕು. ಅದೇ ವೇದಿಕೆಯಲ್ಲಿ ಅವರೇ ಧನ್ಯಶ್ರೀಗೆ ‘ವರ್ಷದ ವಿದ್ಯಾರ್ಥಿ ನಾಯಕಿ’ ಫಲಕ ಕೊಡಬೇಕು.

ಶೆಟ್ಟರಿಗೆ ಬಿಡುವಿದ್ದುದು ಡಿಸೆಂಬರ್ 12ರ ಶುಕ್ರವಾರ. ಮುಖ್ಯ ಶಿಕ್ಷಕ ಪ್ರೇಮಾನಂದರು ಎದ್ದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರು. ಹತ್ತೂವರೆಗೆ ರಾಹುಕಾಲ, ಅದಕ್ಕೆ ಮೊದಲು ಒಂಬತ್ತೂವರೆಗೆ ಇಟ್ಟರಾಯಿತು. ಆ ದಿನದ ಚೌಕದಲ್ಲಿ ಒಂದು ದುಂಡನೆಯ ಚಂದ್ರನ ಚಿತ್ರವೂ ಇತ್ತು.

“ಹುಣ್ಣಿಮೆ! ದತ್ತ ಜಯಂತಿ ಬೇರೆ. ಇದಕ್ಕಿಂತ ಒಳ್ಳೆ ದಿನ ಬೇಕಾ?” ಎಂದರು.

ಸಮುದ್ರದಿಂದ ಒಂದು ಕಿಲೋಮೀಟರ್ ದೂರದ ಶಾಲೆಯ ಏಳು ಮಂದಿ ಶಿಕ್ಷಕರು ಹೌದೆಂದರು.

ಧನ್ಯಶ್ರೀ ಮಧ್ಯಾಹ್ನದ ಬಿಡುವಿನಲ್ಲಿ ಬಾಗಿಲ ಬಳಿ ಬಂದು ನಿಂತಳು. “ಸರ್, ಹುಣ್ಣಿಮೆ ದಿನ ನೀರು ಜೋರು ಬರತ್ತೆ. ಹನ್ನೊಂದು ಗಂಟೆಗೆ ತುಂಬ್ತದೆ. ಆವತ್ತು ಕಟ್ಟ ಹಾಕ್ಲಿಕ್ಕಾಗುದಿಲ್ಲ. ಅಷ್ಟಮಿ ಕಳ್ದ ಮೇಲೆ, ಈ ಆದಿತ್ಯವಾರ ಆದ್ರೆ ನೀರು ಕಮ್ಮಿ.”

“ಆದಿತ್ಯವಾರ ಶೆಟ್ಟರು ಬರೂದಿಲ್ಲ,” ಎಂದರು ಪ್ರೇಮಾನಂದರು.

“ನೀರು ಶುಕ್ರವಾರ ಬರತ್ತೆ ಸರ್.”

ಯತೀಶ್ ಕೈಪಿಡಿಯ ಮೇಲೆ ಬೆರಳಿಟ್ಟರು. “ಧನ್ಯಶ್ರೀ, ಮೂರನೇ ಮೆಟ್ಟಿಲು ಎಂತ? ಸಮಸ್ಯೆ ತರ್ಬೇಡ, ಪರಿಹಾರ ತಾ.”

ಹುಡುಗಿ ಹೂಂ ಎಂದು ಹೋದಳು. ತರಬೇತಿಯ ಮಾತನ್ನು ಯಾರಾದರೂ ನಿಜವೆಂದು ತಿಳಿಯಬಹುದೆಂಬ ಎಚ್ಚರಿಕೆ ಕೈಪಿಡಿಯ ಯಾವ ಮೆಟ್ಟಿಲಿನಲ್ಲೂ ಇರಲಿಲ್ಲ.

ಡಿಸೆಂಬರ್ 7ರ ಭಾನುವಾರ ಬೆಳಗ್ಗೆ ಹತ್ತಕ್ಕೆ ನೀರು ಇಳಿಯತೊಡಗಿದಾಗ ಮೂವತ್ತೇಳು ಮಕ್ಕಳು ತೋಡಿಗೆ ಇಳಿದರು. ಮನೆಮನೆಯಿಂದ ತಂದ ಹಳೆಯ ಸಿಮೆಂಟು ಚೀಲ, ಗೊಬ್ಬರದ ಚೀಲ ಸೇರಿ 214. ಚಂದ್ರ ದೋಣಿಯ ಹಳೆಯ ಬಲೆ ಹೊತ್ತು ತಂದ. ಚೀಲದ ಸಾಲುಗಳ ಮೇಲೆ ಬಲೆ ಹೊದೆಸಿ ಎರಡೂ ಬದಿಯ ಕಂಬಕ್ಕೆ ಬಿಗಿಯುವುದನ್ನು ತೋರಿಸಿಕೊಟ್ಟ.

“ನೀರಿಗೆ ಚೀಲ ಒಂದೊಂದೇ ಸಿಕ್ರೆ ತಕಂಡ್ ಹೋತ್ತ್. ಎಲ್ಲ ಒಟ್ಟಿಗಿದ್ರೆ ಅದ್ಕೂ ಬೇಜಾರ್ ಬತ್ತ್,” ಎಂದ.

ಜಲಮಂತ್ರಿ ಮಿಥುನ್ ಹೂಜಿಗಿಂತ ದೊಡ್ಡ ನೀರನ್ನು ಅಂದೇ ಮೊದಲು ಮುಟ್ಟಿದ್ದು. ಬಾಗಿ ಅವಲಕ್ಕಿ, ಬೆಲ್ಲ, ಒಂದು ಕೊಡಪಾನ ಚಾ ತಂದಳು. ಮೂರು ಗಂಟೆಗೆ ಕಟ್ಟ ಮುಗಿಯಿತು. ಭಾಷಣ ಇರಲಿಲ್ಲವಾದ್ದರಿಂದ ಎಲ್ಲರೂ ಬೇಗ ಮನೆಗೆ ಹೋದರು.

ಸೋಮವಾರ ಪ್ರಾರ್ಥನೆ ಮುಗಿಯುತ್ತಲೇ ಧನ್ಯಶ್ರೀಗೆ ಕರೆ ಬಂತು.

“ಕಟ್ಟ ಕಟ್ಟಿ ಆಯ್ತಂತೆ?” ಪ್ರೇಮಾನಂದರ ದನಿಯಲ್ಲಿ ಕಳ್ಳತನದ ದೂರು ಕೇಳುವ ಗಾಂಭೀರ್ಯವಿತ್ತು.

“ಹೌದು ಸರ್.”

“ಯಾರ ಅನುಮತಿ?”

“ಯತೀಶ್ ಸರ್ ಪರಿಹಾರ ತಾ ಅಂದ್ರು.”

ಯತೀಶ್ ಕಿಟಕಿಯ ಹೊರಗೆ ನೋಡಿದರು.

“ಹಾಗಾದ್ರೆ ಶುಕ್ರವಾರ ಶೆಟ್ಟರು ಎಂತ ಮಾಡೂದು? ವಿಮಾನದಲ್ಲಿ ಬಂದು, ಮಕ್ಕಳು ಕಟ್ಟಿದ ಕಟ್ಟ ನೋಡಿ, ಚಂದ ಉಂಟು ಅಂತ ಹೇಳಿ ಹೋಗೂದಾ? ಮೊದಲ ಚೀಲ ಇಡೂದು ಅಂತ ಪತ್ರಿಕೆಯಲ್ಲಿ ಅಚ್ಚಾಗಿದೆ. 215ನೇ ಚೀಲ ಇಡೂದು ಅಂತ ಇಲ್ಲ.”

ಶಿಕ್ಷಕರ ಸಭೆ ಮುಕ್ಕಾಲು ಗಂಟೆ ನಡೆಯಿತು. ನಿರ್ಧಾರ ಸರಳವಾಗಿತ್ತು. ಕಟ್ಟದ ನಡುವೆ ಆರಡಿ ಅಗಲ ಬಿಡಿಸಿಡುವುದು, ಶುಕ್ರವಾರ ಅತಿಥಿಗಳು ಅಲ್ಲಿ ಚೀಲ ಇಡುವುದು, ಅವರು ಊಟಕ್ಕೆ ಹೋದ ಮೇಲೆ ಮಕ್ಕಳು ಉಳಿದದ್ದನ್ನು ಮುಚ್ಚುವುದು. ಗುರುವಾರ ಸಂಜೆಯೊಳಗೆ ಬಿಡಿಸಬೇಕು.

“ಸರ್, ಆರಡಿ ಬಿಟ್ರೆ ಹುಣ್ಣಿಮೆ ನೀರು ಇಡೀ ಕಟ್ಟ ಎಳ್ಕೊಂಡು ಹೋಗ್ತದೆ. ಬಾಗಿ ಅಕ್ಕ ಬಿತ್ತಿ ಆಗಿದೆ. ನಾನು ಮಾತು ಕೊಟ್ಟಿದ್ದೇನೆ.”

“ನೀನು ಮಾತು ಕೊಡುವ ಮೊದಲೇ ನಾವು ಶೆಟ್ಟರಿಗೆ ಕೊಟ್ಟಾಗಿದೆ,” ಎಂದರು ಪ್ರೇಮಾನಂದರು. “ಫಲಕದಲ್ಲಿ ನಿನ್ನ ಹೆಸರು ಕೆತ್ತಿ ಆಗಿದೆ, ಅದನ್ನೂ ನೆನಪಿಟ್ಟುಕೋ.”

ಶಾಲೆಯ ಇತಿಹಾಸದಲ್ಲಿ ಆದೇಶವೊಂದು ಗಡುವಿಗೆ ಮೊದಲೇ ಜಾರಿಯಾದದ್ದು ಒಂದೇ ಸಲ. ಮಿಥುನ್ ಮಂಗಳವಾರವೇ ಇಬ್ಬರನ್ನು ಕಟ್ಟಿಕೊಂಡು ಹೋಗಿ, ಕತ್ತಿಯಿಂದ ಬಲೆ ಕೊಯ್ದು, ಮೇಲಿನ ಸಾಲಿನ ನಡುವಿನಿಂದ ಒಂಬತ್ತು ಚೀಲ ತೆಗೆದು ದಡದಲ್ಲಿಟ್ಟ. ಹತ್ತನೆಯದನ್ನು ಎತ್ತುವಾಗ ಬಾಗಿ ನೋಡಿದಳು.

“ಹ್ವಾಯ್! ಎಂತ ಮಾಡ್ತಿದ್ರಿ ನೀವ್? ಯಾರ್ ಹೇಳದ್ದ್?”

“ಹೆಡ್ ಮಾಸ್ಟ್ರ್ ಹೇಳದ್ದ್.”

“ಅವ್ರ್ ಗದ್ದಿ ಎಲ್ಲಿತ್ತ್ ಇಲ್ಲಿ? ಇಡಾ ಅದ್ನ, ಅಲ್ಲೇ ಇಡ್!”

ಮಿಥುನ್ ಇಟ್ಟ. ಆದೇಶ ಪಾಲಿಸುವುದರಲ್ಲಿ ಅವನು ಭೇದ ಮಾಡುತ್ತಿರಲಿಲ್ಲ.

ಧನ್ಯಶ್ರೀ ಸಂಜೆ ಬಂದು ಒಂಬತ್ತೂ ಚೀಲ ಮತ್ತೆ ಏರಿಸಿದಳು. ಕೊಯ್ದ ಬಲೆಗೆ ಹಗ್ಗದ ಗಂಟು ಹಾಕಿ ಕೂಡಿಸಿದಳು. ಬುಧವಾರ ಬೆಳಗ್ಗೆ ಸಂಪುಟ ಸಭೆ ಕರೆದಳು. ನಿರ್ಣಯ ಮೊದಲೇ ಬರೆದಿಡದೆ ಆ ಸಂಪುಟ ಕೂಡಿದ್ದು ಅದೇ ಮೊದಲು. ಆದ್ದರಿಂದ ಮಂತ್ರಿಗಳು ಮೊದಲು ನಿರ್ಣಯದ ಕಾಗದ ಎಲ್ಲಿದೆಯೆಂದು ಹುಡುಕಿದರು.

“ನೀನ್ ಕೊಯ್ದದ್ದ್ ಎಂತಕ್ಕೆ?” ಎಂದು ಧನ್ಯಶ್ರೀ ಮಿಥುನ್‌ನನ್ನು ಕೇಳಿದಳು.

“ಸರ್ ಹೇಳಿರಲೆ.”

“ಸರ್ ಬಾವಿಗ್ ಹಾರ್ ಅಂದ್ರೆ ಹಾರ್ತ್ಯಾ?”

“ಜಲಮಂತ್ರಿ ಅಲ್ದಾ, ಹಾರ್ಕ್,” ಎಂದಳು ಆರೋಗ್ಯ ಮಂತ್ರಿ ಸೌಮ್ಯಶ್ರೀ. ನಗು ನಿಂತ ಮೇಲೆ ಅವಳೇ ಮುಂದುವರಿಸಿದಳು. “ಅವ್ರಿಗೆ ಬೇಕಾದ್ದ್ ಚೀಲ ಇಡುಕೊಂದ್ ಜಾಗ. ನೀರ್ ಅವ್ರ್ ಕೇಂಡ್ರಾ?”

ಯಾರೂ ಕೇಳಿರಲಿಲ್ಲ. ಆಮಂತ್ರಣ ಪತ್ರಿಕೆ ತೆಗೆದು ನೋಡಿದರು. ಅದರಲ್ಲಿ ನೀರಿನ ಪ್ರಸ್ತಾಪ ಎಲ್ಲೂ ಇರಲಿಲ್ಲ.

ಧನ್ಯಶ್ರೀ ಶಿಕ್ಷಕರ ಕೊಠಡಿಯಲ್ಲಿ ಯತೀಶರ ಬಳಿ ಹೋಗಿ, ತೋಡಿನ ತನಕ ಕಾರು ಬರುವುದಿಲ್ಲ, ಮುನ್ನೂರು ಹೆಜ್ಜೆ ಗದ್ದೆಯಂಚಿನಲ್ಲಿ ನಡೆಯಬೇಕು, ಅತಿಥಿಗಳ ಶೂ ಕೆಸರಾಗುತ್ತದೆ ಎಂದಳು. ಮೈಕಿನ ವಯರೂ ಅಲ್ಲಿಗೆ ಸಾಲದು. ರಸ್ತೆ ಬದಿಯಲ್ಲಿ, ಶಾಲೆಯ ಗೇಟಿನ ಎದುರೇ ಒಂದು ಕಣಿ ಇದೆಯಲ್ಲ, ಮಳೆನೀರು ಹೋಗುವುದು? ಡಿಸೆಂಬರಿನಲ್ಲಿ ಒಣಗಿ ಚೊಕ್ಕವಾಗಿದೆ. ಶಾಮಿಯಾನ ಅಲ್ಲೇ ಹಾಕಬಹುದು.

ಯತೀಶ್ ಎದುರಿಗೇ ಕುಳಿತಿದ್ದ ಪ್ರೇಮಾನಂದರ ಮುಖ ನೋಡಿದರು. ಪ್ರೇಮಾನಂದರ ಮುಖ ಬೆಳಗಿತು. “ಇದು ನೋಡಿ ಪರಿಹಾರ ಅಂದ್ರೆ! ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು?”

ನೀರಿಲ್ಲದ ಕಣಿಗೆ ಕಟ್ಟ ಯಾಕೆಂದು ಕೇಳಲು ವಿರೋಧ ಪಕ್ಷದ ನಾಯಕನಿಗೂ ಮನಸ್ಸಾಗಲಿಲ್ಲ. ಗುರುವಾರ ಅರುವತ್ತು ಹೊಸ ಬಿಳಿ ಚೀಲ ಬಂದವು. ಪ್ರತಿಯೊಂದರ ಮೇಲೂ ಶೆಟ್ಟರ ಹೋಟೆಲಿನ ಹೆಸರು, ದೂರವಾಣಿ ಸಂಖ್ಯೆ ಅಚ್ಚಾಗಿತ್ತು. ಮಕ್ಕಳು ಮರಳು ತುಂಬಿಸಿ ಕಣಿಯ ಬದಿಯಲ್ಲಿ ಜೋಡಿಸಿದರು. ಅದೇ ಸಂಜೆ ಯತೀಶ್, ಕಾರ್ಯಕ್ರಮ ಯಶಸ್ವಿಯಾಗಿ ನೆರವೇರಿತೆಂಬ ವರದಿಯನ್ನು ಬರೆದು ಮುಗಿಸಿದರು.

ಶುಕ್ರವಾರ ಶೆಟ್ಟರು ಮಂಗಳೂರಿನಿಂದ ಸಕಾಲಕ್ಕೇ ಹೊರಟಿದ್ದರು. ಬ್ರಹ್ಮಾವರದಲ್ಲಿ ನೆಂಟರೊಬ್ಬರು ಕಾರು ನಿಲ್ಲಿಸಿ ಶಾಲು ಹೊದೆಸಿದರು. ಒಂಬತ್ತೂವರೆ ಹೋಯಿತು, ಹತ್ತು ಹೋಯಿತು. ರಾಹುಕಾಲ ಹತ್ತಿರವಾದಂತೆ ಪ್ರೇಮಾನಂದರು ಬೆವರಿದರು. ಕೊನೆಗೆ ಹತ್ತು ಇಪ್ಪತ್ತೈದಕ್ಕೆ ಅತಿಥಿಯಿಲ್ಲದೆಯೇ ಪ್ರಾರ್ಥನೆ ಹಾಡಿಸಿದರು. ರಾಹುಕಾಲಕ್ಕೆ ಮೊದಲು ಶುರುವಾದ ಕಾರ್ಯಕ್ರಮವನ್ನು ರಾಹು ಏನೂ ಮಾಡುವಂತಿಲ್ಲ ಎಂಬುದು ಅವರ ಲೆಕ್ಕ. ಹತ್ತು ನಲುವತ್ತಕ್ಕೆ ಶೆಟ್ಟರು ಇಳಿದರು. ಕುಂಕುಮ ಹಚ್ಚಿ, ಸೇವಂತಿಗೆ ಮಾಲೆ ಸುತ್ತಿದ ಮೊದಲ ಚೀಲವನ್ನು ಇಬ್ಬರು ಶಿಕ್ಷಕರು ಎತ್ತಿ ಹಿಡಿದರು, ಶೆಟ್ಟರು ಮುಟ್ಟಿದರು, ಚೀಲ ಕಣಿಯೊಳಗೆ ಕುಳಿತಿತು. ಉಳಿದ ಐವತ್ತೊಂಬತ್ತನ್ನು ಮಕ್ಕಳು ಅದರ ಪಕ್ಕ ಪೇರಿಸಿ, ಫೋಟೊದಲ್ಲಿ ಕಾಣಲೆಂದು ಮಾಲೆಯ ಚೀಲವನ್ನು ಎಲ್ಲಕ್ಕಿಂತ ಮೇಲೆ ಎತ್ತಿಟ್ಟರು. ಚಪ್ಪಾಳೆ.

ಶೆಟ್ಟರು ಕಣಿಯ ಎರಡೂ ಬದಿಗೆ ಬಗ್ಗಿ ನೋಡಿದರು. “ಮಾಸ್ಟ್ರೆ, ನೀರ್ ಎಲ್ಲಿತ್ತ್?”

“ನೀವು ಚೀಲ ಇಟ್ಟದ್ದೇ ನಿಂತಿತು ಸರ್,” ಎಂದರು ಪ್ರೇಮಾನಂದರು.

“ಅಚ್ಛಾ,” ಎಂದರು ಶೆಟ್ಟರು.

ಭಾಷಣ ಶುರುವಾದಾಗ ಹನ್ನೊಂದಕ್ಕೆ ಐದು ನಿಮಿಷ. ನಾಯಕನಾದವನು ಕುರ್ಚಿಗೆ ಅಂಟಿಕೊಳ್ಳಬಾರದು, ಮಣ್ಣಿಗಿಳಿಯಬೇಕು ಎಂದು ಶೆಟ್ಟರು ಹೇಳುತ್ತಿದ್ದರು. ಧನ್ಯಶ್ರೀ ವೇದಿಕೆಯ ತುದಿಯಲ್ಲಿ, ಫಲಕ ಇಟ್ಟ ಮೇಜಿನ ಪಕ್ಕ ನಿಂತು ತೋಡಿನ ಕಡೆಗೇ ನೋಡುತ್ತಿದ್ದಳು. ಗದ್ದೆಯಂಚಿನಲ್ಲಿ ಬಾಗಿ ಸೀರೆ ಎತ್ತಿ ಕಟ್ಟಿ ಓಡಿ ಬರುತ್ತಿದ್ದಳು.

“ಹೆಣೇ! ಬಲೆ ಗಂಟ್ ಬಿಟ್ಟಿತ್ತ್! ನಡು ಸಾಲ್ ಜಾರ್ತ್ ಇತ್ತ್, ನಾಕ್ ಚೀಲ ಹೋಯ್ತ್!”

ಯತೀಶ್ ಬಾಗಿಗೆ ಕುಳಿತುಕೊಳ್ಳುವಂತೆ ಕೈಸನ್ನೆ ಮಾಡಿದರು. ನಿರೂಪಕಿಯಾಗಿದ್ದ ಶಿಕ್ಷಕಿ, ಇದೀಗ ವರ್ಷದ ವಿದ್ಯಾರ್ಥಿ ನಾಯಕಿ ಪ್ರಶಸ್ತಿ ಪ್ರದಾನ ಎಂದು ಎರಡನೇ ಮೈಕಿನಲ್ಲಿ ಅವಸರವಾಗಿ ಸಾರಿದರು.

ಧನ್ಯಶ್ರೀ ಮುಂದೆ ಬಂದಳು. ಶೆಟ್ಟರು ಫಲಕ ಎತ್ತಿಕೊಂಡರು. ಅವಳು ಅವರ ಮುಂದಿದ್ದ ಮೈಕಿಗೆ ಬಾಯಿಟ್ಟಳು.

“ಕಟ್ಟ ಹೋಗ್ತ್ ಇತ್ತ್. ಹತ್ತನೇ ಕ್ಲಾಸಿನವ್ರ್ ನನ್ನೊಟ್ಟಿಗೆ ನೀರಿಗೆ. ಎಂಟು, ಒಂಬತ್ತು ಕಣಿಯಿಂದ ತೋಡಿನ ತನ್ಕ ಸಾಲ್ ನಿಲ್ಲಿ. ಚೀಲ ಕೈಯಿಂದ ಕೈಗ್ ಕೊಡಿ. ಓಡ್ಬೇಡಿ, ಬಿದ್ರೆ ತಡ ಆತ್ತ್.”

ಕುರ್ಚಿಗಳು ಸದ್ದು ಮಾಡಿದವು. ಮಿಥುನ್ ಎಲ್ಲರಿಗಿಂತ ಮೊದಲು ಕಣಿಗೆ ಹಾರಿದ.

“ಯಾವ್ದ್ ಮೊದ್ಲ್ ತೆಗೂದ್?” ಎಂದು ಕೂಗಿದ.

“ಮೇಲಿದ್ದದ್ದ್!”

ಮೇಲಿದ್ದದ್ದು ಮಾಲೆ ಹಾಕಿದ ಚೀಲ. ಉದ್ಘಾಟನೆಯಾದ ಹದಿನೈದನೇ ನಿಮಿಷಕ್ಕೆ ಅದು ಸೇವಂತಿಗೆ ಉದುರಿಸುತ್ತ ಕೈಯಿಂದ ಕೈಗೆ ತೋಡಿನ ಕಡೆ ಹೊರಟಿತು. ಹಿಂದೆಯೇ ಉಳಿದವು, ಒಂದೊಂದರ ಮೇಲೂ ಹೋಟೆಲಿನ ಹೆಸರು, ದೂರವಾಣಿ ಸಂಖ್ಯೆ. ಫೋಟೊಗ್ರಾಫರ್ ಯಾವುದನ್ನು ತೆಗೆಯಬೇಕೆಂದು ಯತೀಶರನ್ನು ಕೇಳಿದ. ಯತೀಶ್ ಕೈಪಿಡಿ ತಂದಿರಲಿಲ್ಲ.

ತೋಡಿನಲ್ಲಿ ಕೊಯ್ದ ಬಲೆ ಎರಡು ತುಂಡಾಗಿ ತೇಲುತ್ತಿತ್ತು. ನಡುವಿನ ಬಾಯಿಯಿಂದ ಉಪ್ಪುನೀರು ಬಾಗಿಯ ಗದ್ದೆಯ ಕಡೆ ನುಗ್ಗುತ್ತಿತ್ತು. ಸಸಿಮಡಿಗೂ ನೀರಿಗೂ ನಡುವೆ ಒಂದು ಮೊಳ ಎತ್ತರದ ಮಣ್ಣಿನ ಅಂಚು ಮಾತ್ರ. ಕಣಿಯ ಚೀಲ ಬಂದು ಮುಟ್ಟುವ ಮೊದಲು ಕಟ್ಟದ ತುದಿಯಿಂದ ಕಿತ್ತು ಹಾಕಿದ ಎರಡು ಚೀಲ ನಿಲ್ಲದೆ ಹೋದವು. ಧನ್ಯಶ್ರೀ ಎದೆಮಟ್ಟ ನೀರಿನಲ್ಲಿ ಆ ಬಾಯಿಗೆ ಬೆನ್ನು ಕೊಟ್ಟು ನಿಂತಳು. ಅವಳ ಎರಡೂ ಬದಿಗೆ ಮಿಥುನ್, ಸೌಮ್ಯಶ್ರೀ. ಅವರ ಬೆನ್ನಿನ ಹಿಂದೆ ಇಳಿಸಿದ ಮೂರನೇ ಚೀಲ ನಿಂತಿತು. ಆಮೇಲಿನವೂ ನಿಂತವು. ಬಲೆಯ ಎರಡು ತುಂಡನ್ನು ಬಾಗಿ ತನ್ನ ಸೀರೆಯ ಸೆರಗು ಹರಿದು ಕಟ್ಟಿದಳು.

ಶೆಟ್ಟರು ಶೂ ಕೈಯಲ್ಲಿ ಹಿಡಿದು ಗದ್ದೆಯಂಚಿನ ತನಕ ಬಂದಿದ್ದರು. ಹಸಿರು ಸಸಿಮಡಿ ನೋಡಿ, “ಇದ್ ಯಾರ್ ಗದ್ದಿ?” ಎಂದು ಬಾಗಿಯನ್ನು ಕೇಳಿದರು.

ಬಾಗಿ ಹಗ್ಗ ಬಿಗಿಯುತ್ತಲೇ ಹೇಳಿದಳು: “ನಿಮ್ದೇ ಒಡೇರೆ. ಹನ್ನೆರಡ್ ವರ್ಷ ಆಯ್ತ್ ನಾನ್ ಮಾಡೂಕ್ ಹಿಡ್ದ್.”

ಶೆಟ್ಟರು ಗದ್ದೆಯನ್ನು ಇನ್ನೊಮ್ಮೆ ನೋಡಿದರು. “ಲಾಯ್ಕ್ ಇತ್ತ್,” ಎಂದರು. ಸ್ವಲ್ಪ ಹೊತ್ತಿನಲ್ಲಿ ಯಾರೋ ಊಟದ ಹೊತ್ತಾಯಿತೆಂದು ಅವರನ್ನು ಕರೆದುಕೊಂಡು ಹೋದರು. ಫಲಕವನ್ನು ವಿಜೇತರ ಪರವಾಗಿ ಯತೀಶ್ ಸ್ವೀಕರಿಸಿದರೆಂದು ಆಮೇಲೆ ತಿಳಿಯಿತು.

ಹನ್ನೆರಡೂಕಾಲಕ್ಕೆ ಪ್ರೇಮಾನಂದರು ತೋಡಿನ ದಡಕ್ಕೆ ಬಂದಾಗ ನೀರು ಏರುವುದು ನಿಂತಿತ್ತು. ಮಕ್ಕಳು ಕೆಸರಿನಲ್ಲಿ ಅಲ್ಲಲ್ಲಿ ಕುಳಿತಿದ್ದರು.

“ಅತಿಥಿಗಳು ಇಟ್ಟ ಚೀಲ ಎಲ್ಲಿ?”

ಧನ್ಯಶ್ರೀ ಎದ್ದು ನಿಂತಳು. “ಅಡಿಯಲ್ಲಿದೆ ಸರ್. ಮೂರನೇದು. ಅದನ್ನು ತೆಗೆದ್ರೆ ನೀರು ಒಳಗೆ ಬರ್ತದೆ.”

ಪ್ರೇಮಾನಂದರು ಕಟ್ಟವನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಅದನ್ನು ಅವರು ಕಣ್ಣಾರೆ ಕಂಡದ್ದು ಅದೇ ಮೊದಲು. “ಸೋಮವಾರದೊಳಗೆ ಲಿಖಿತ ವಿವರಣೆ ಕೊಡಬೇಕು,” ಎಂದರು. “ವೇದಿಕೆಯಿಂದ ಹೇಳದೆ ಇಳಿದದ್ದು ಯಾಕೆ ಅಂತ.”

“ಹೇಳಿಯೇ ಇಳಿದದ್ದು ಸರ್, ಮೈಕಿನಲ್ಲಿ,” ಎಂದ ಮಿಥುನ್. ಜೀವನದಲ್ಲಿ ಮೊದಲ ಸಲ ಹಿರಿಯರಿಗೆ ಎದುರಾಡಿದವನು ತಾನೇ ಗಾಬರಿಯಾಗಿ ಸೌಮ್ಯಶ್ರೀಯ ಹಿಂದೆ ಸರಿದ.

ಬಾಗಿಗೆ ವಿವರಣೆಯಲ್ಲಿ ಆಸಕ್ತಿ ಇರಲಿಲ್ಲ. ಅವಳು ಕಟ್ಟದ ಒಳಬದಿಗೆ ಇಳಿದು, ಸಸಿಮಡಿಯ ಅಂಚಿನ ತನಕ ಬಂದು ನಿಂತಿದ್ದ ನೀರಿನಲ್ಲಿ ಕೈ ಅದ್ದಿ ಬಾಯಿಗಿಟ್ಟಳು. ಉಗುಳಿದಳು. ನಾಲ್ಕು ಹೆಜ್ಜೆ ಮುಂದೆ ಹೋಗಿ, ಅಂಚು ದಾಟಿ, ಸಸಿಗಳ ಬುಡದ ನೀರನ್ನು ಬೊಗಸೆಯಲ್ಲೆತ್ತಿ ಕುಡಿದಳು. ಧನ್ಯಶ್ರೀ ಪ್ರೇಮಾನಂದರಿಗೆ ಉತ್ತರಿಸುವುದನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದಳು.

“ಚಪ್ಪೆ,” ಎಂದಳು ಬಾಗಿ. “ಒಂದ್ ಚೂರೂ ಉಪ್ಪಿಲ್ಲ ಹೆಣೆ.”